‘ಸ್ಪಾರ್ಕಿಂಗ್! ಝೀರೋ’ದಲ್ಲಿ ತಪ್ಪಿಸಿಕೊಳ್ಳುವುದರ ಬೆಲೆ

ಪ್ರಶ್ನೆ: ‘ಡ್ರ್ಯಾಗನ್ ಬಾಲ್: ಸ್ಪಾರ್ಕಿಂಗ್! ಝೀರೋ’ ಎಂಬ ಹೋರಾಟದ ವಿಡಿಯೊ ಆಟವನ್ನು ಮನೆಯಲ್ಲಿ ತಮ್ಮನ ಜೊತೆ ಆಡುವಾಗ ತುಂಬ ಖುಷಿಯಾಗುತ್ತದೆ. ಆನ್‌ಲೈನ್ ಪಂದ್ಯಕ್ಕೆ ಇಳಿದರೆ ಮಾತ್ರ ಆಟವೇ ಬೇರೆ ಎನ್ನಿಸುತ್ತದೆ. ನಾನು ಶುರು ಮಾಡಿದ ಕಾಂಬೋವನ್ನು, ಅಂದರೆ ಏಟುಗಳ ಸರಣಿಯನ್ನು, ಎದುರಾಳಿ ನಡುವೆಯೇ ಮುರಿದು ಕೌಂಟರ್ ಮಾಡುತ್ತಾನೆ, ಇಲ್ಲವೇ ದೂರ ಹಾರಿಹೋಗಿ ಶಕ್ತಿ ತುಂಬಿಸಿಕೊಳ್ಳುತ್ತಾನೆ. ತಂಡ ಕಟ್ಟುವಾಗ ಹೆಚ್ಚು ಅಂಕ ತೆತ್ತು ಅತಿ ದುಬಾರಿ ಪಾತ್ರವನ್ನು ಆರಿಸಿಕೊಂಡರೂ ಅಗ್ಗದ ಪಾತ್ರಗಳ ತಂಡದೆದುರು ಸೋಲುತ್ತೇನೆ. ಎಲ್ಲ ಪಾತ್ರಗಳನ್ನೂ ಸಮಬಲ ಮಾಡಿಬಿಟ್ಟರೆ ಇದು ಸರಿಹೋಗುವುದಿಲ್ಲವೇ? ತಪ್ಪು ನನ್ನ ಕೈಯಲ್ಲಿದೆಯೇ, ಆಟದ ರಚನೆಯಲ್ಲಿದೆಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಮೂರು ದೂರುಗಳಿವೆ: ಎದುರಾಳಿ ಎಡೆಬಿಡದೆ ಕೌಂಟರ್ ಮಾಡುತ್ತಾನೆ, ಕೈಗೆ ಸಿಗದೆ ಓಡುತ್ತಾನೆ, ಅಗ್ಗದ ಪಾತ್ರಗಳಿಂದಲೇ ಗೆಲ್ಲುತ್ತಾನೆ. ನನ್ನ ಅಭಿಪ್ರಾಯದಲ್ಲಿ ಈ ಮೂರಕ್ಕೂ ಮೂಲ ಒಂದೇ. ಏಟು ಹಾಕುವುದಕ್ಕೆ ಆಟಗಾರ ತೆರಬೇಕಾದ ಬೆಲೆ ಈ ಆಟದಲ್ಲಿ ಸ್ಪಷ್ಟವಾಗಿದೆ. ಏಟಿನಿಂದ ತಪ್ಪಿಸಿಕೊಳ್ಳುವುದಕ್ಕೆ ತೆರಬೇಕಾದ ಬೆಲೆ ಸರಿಯಾಗಿ ನಿಗದಿಯಾಗಿಲ್ಲ. ಪಾತ್ರಗಳ ಬಲದಲ್ಲಿರುವ ವ್ಯತ್ಯಾಸ ಆಮೇಲಿನ ವಿಷಯ, ಅದನ್ನು ಅಳಿಸಿಹಾಕಿದರೂ ನಿಮ್ಮ ಮೊದಲ ಎರಡು ದೂರುಗಳು ಹಾಗೆಯೇ ಉಳಿಯುತ್ತವೆ.

ಮೊದಲು ಸಮಬಲದ ಮಾತನ್ನು ಮುಗಿಸೋಣ. ಸ್ಪೈಕ್ ಚುನ್‌ಸಾಫ್ಟ್ ರಚಿಸಿ ಬಂದಾಯ್ ನಾಮ್ಕೊ 2024ರ ಅಕ್ಟೋಬರ್ 11ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ, ರೂಪಾಂತರಗಳೂ ಸೇರಿ ಆರಂಭದಲ್ಲೇ 182 ಪಾತ್ರಗಳಿದ್ದವು. 2005ರಿಂದ 2007ರವರೆಗೆ ಬಂದ, ಜಪಾನಿನ ಹೊರಗೆ ‘ಬುಡೋಕಾಯ್ ತೆಂಕಾಯ್ಚಿ’ ಎಂದು ಹೆಸರಾದ ಮೂರು ಆಟಗಳ ನೇರ ಉತ್ತರಾಧಿಕಾರಿ ಇದು. ಮೂಲ ಜಪಾನಿ ಚಿತ್ರಕಥೆಯಾದ ಮಂಗಾದಲ್ಲಿ ಯಾರು ಯಾರಿಗಿಂತ ಬಲಶಾಲಿ ಎಂಬ ಭಾವನೆಯನ್ನು ಕೈಗೆ ದಾಟಿಸುವುದೇ ಆ ಸರಣಿಯ ಜೀವಾಳ. 182 ಪಾತ್ರಗಳಲ್ಲಿ ಯಾರಾದರೂ ಇಬ್ಬರನ್ನು ಎದುರುಬದುರು ನಿಲ್ಲಿಸಿದರೆ 16,471 ಬೇರೆ ಬೇರೆ ಜೋಡಿಗಳಾಗುತ್ತವೆ. ಪ್ರತಿ ಜೋಡಿಯನ್ನು ಒಂದೇ ಒಂದು ಸಲ, ಹತ್ತೇ ನಿಮಿಷ ಪರೀಕ್ಷಿಸಿದರೂ 2,745 ಗಂಟೆ ಬೇಕು, ಅಷ್ಟು ಮಾಡಿದರೂ ಪ್ರತಿ ಜೋಡಿಯ ಬಗ್ಗೆ ತಿಳಿಯುವುದು ಒಂದು ಪಂದ್ಯದಷ್ಟೇ. ಆಟವನ್ನು ತಿದ್ದುವ ಒಂದು ಪ್ಯಾಚ್ ಬಂದು ನಾಲ್ಕು ಸಂಖ್ಯೆಗಳು ಬದಲಾದರೆ ಲೆಕ್ಕ ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಪೂರ್ಣ ಸಮಬಲವನ್ನು ಇಲ್ಲಿ ಸಾಧಿಸಲು ಆಗುವುದಿಲ್ಲ, ಸಾಧಿಸಬೇಕಾಗಿಯೂ ಇಲ್ಲ. ಸಾಮಾನ್ಯ ಮನುಷ್ಯನಾದ ಮಿಸ್ಟರ್ ಸೇಟನ್ ಮತ್ತು ಮಹಾಬಲಶಾಲಿ ವೆಜಿಟೋ ಒಂದೇ ತೂಕದ ಏಟು ಕೊಡುವ ಆಟವನ್ನು ಡ್ರ್ಯಾಗನ್ ಬಾಲ್ ಅಭಿಮಾನಿಗಳು ಒಪ್ಪಿಕೊಳ್ಳುವುದೂ ಇಲ್ಲ.

ಸಮಬಲದ ದಾರಿ ಹಿಡಿದ ಆಟವೊಂದು ಇದೇ ಲೋಕದಲ್ಲಿದೆ. ಆರ್ಕ್ ಸಿಸ್ಟಮ್ ವರ್ಕ್ಸ್ ರಚಿಸಿ 2018ರ ಜನವರಿಯಲ್ಲಿ ಬಂದ ‘ಡ್ರ್ಯಾಗನ್ ಬಾಲ್ ಫೈಟರ್‌ಝೀ’ ಆರಂಭದಲ್ಲಿ 24 ಪಾತ್ರಗಳನ್ನು ಇಟ್ಟುಕೊಂಡಿತ್ತು. ಅದರಲ್ಲಾಗುವ ಜೋಡಿಗಳು 276 ಮಾತ್ರ. ಅಲ್ಲಿ ಪ್ರತಿ ಪಾತ್ರಕ್ಕೂ ಕೆಲವು ಸಾಮಾನ್ಯ ಸಾಧನಗಳಿವೆ: ಎದುರಾಳಿಯತ್ತ ತಾನಾಗಿಯೇ ಹಾರಿಹೋಗುವ ಸೂಪರ್ ಡ್ಯಾಶ್, ಶಕ್ತಿ ತೋರಿಸುವ ಪಟ್ಟಿಯ (ಗೇಜ್) ಒಂದು ಭಾಗ ತೆತ್ತು ಎದುರಾಳಿಯ ಬೆನ್ನಹಿಂದೆ ಪ್ರತ್ಯಕ್ಷವಾಗುವ ವ್ಯಾನಿಶ್, ಪಂದ್ಯಕ್ಕೆ ಒಂದೇ ಸಲ ಬಳಸಬಹುದಾದ ಸ್ಪಾರ್ಕಿಂಗ್ ಬ್ಲಾಸ್ಟ್. ಕಾಂಬೋ ಉದ್ದವಾದಷ್ಟೂ ಪ್ರತಿ ಏಟಿನ ಬಲ ಕುಗ್ಗುತ್ತ ಹೋಗುತ್ತದೆ. ಇಷ್ಟು ಅಡಿಪಾಯ ಇದ್ದುದರಿಂದಲೇ ಕಥೆಯಲ್ಲಿ ದುರ್ಬಲನಾದ ಯಾಮ್ಚಾನನ್ನು ಆರಿಸಿಕೊಂಡವರೂ ವಿನಾಶದ ದೇವತೆಯಾದ ಬೀರಸ್‌ನೆದುರು ಗೆಲ್ಲಬಹುದಿತ್ತು. ಆದರೂ ಆ ಆಟ ಹಲವು ಸೀಸನ್‌ಗಳುದ್ದಕ್ಕೂ ತಿದ್ದುಪಡಿ ಮಾಡಿಸಿಕೊಳ್ಳುತ್ತಲೇ ಬಂತು, ಮತ್ತು 2022ರ ಫೆಬ್ರವರಿಯಲ್ಲಿ ಸೇರಿದ ಲ್ಯಾಬ್ ಕೋಟ್ ತೊಟ್ಟ ಆಂಡ್ರಾಯ್ಡ್ 21 ಎಷ್ಟು ಬಲವಾಗಿದ್ದಳೆಂದರೆ ಅವಳನ್ನು ಇಳಿಸಲು ಪ್ರತ್ಯೇಕ ಪ್ಯಾಚ್ ಬೇಕಾಯಿತು. ಅಷ್ಟು ಸಣ್ಣ ಬಳಗದಲ್ಲೇ ಇಷ್ಟು ಕಷ್ಟವಾದರೆ, 182ರ ಬಳಗದಲ್ಲಿ ಪಾತ್ರಗಳ ಏಟಿನ ಸಂಖ್ಯೆಯನ್ನು ತಿದ್ದುತ್ತ ಕೂತು ಸಮತೋಲ ತರುತ್ತೇವೆಂಬುದು ವ್ಯರ್ಥ ಶ್ರಮವೆಂದೇ ನಾನು ತಿಳಿದಿದ್ದೇನೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಫೈಟರ್‌ಝೀಯಂತೆ ಪಕ್ಕದಿಂದ ನೋಡುವ ಹೋರಾಟದ ಆಟಗಳಲ್ಲಿ ಅಂತರವೇ ಒಂದು ಬೆಲೆ. ನಾನು ಬೀಸಿದ ಕಾಲು ಎದುರಾಳಿಯನ್ನು ಒಂದು ಗೇಣಿನಿಂದ ತಪ್ಪಿದರೆ ಕಾಲನ್ನು ಹಿಂದಕ್ಕೆ ಎಳೆದುಕೊಳ್ಳುವಷ್ಟರಲ್ಲಿ ಅವನು ನನ್ನನ್ನು ಹೊಡೆಯಬಹುದು. ಆದ್ದರಿಂದ ಎಷ್ಟು ದೂರದಲ್ಲಿ ನಿಲ್ಲಬೇಕು, ಯಾವಾಗ ಒಂದು ಹೆಜ್ಜೆ ಹಿಂದಿಡಬೇಕು ಎಂಬುದರಲ್ಲೇ ಅರ್ಧ ಜಾಣ್ಮೆ ಇರುತ್ತದೆ. ಸ್ಪಾರ್ಕಿಂಗ್! ಝೀರೋದಲ್ಲಿ ಕ್ಯಾಮೆರಾ ನಮ್ಮ ಪಾತ್ರದ ಬೆನ್ನಹಿಂದೆ ಇದ್ದು ಎದುರಾಳಿಗೆ ಲಾಕ್ ಆಗಿರುತ್ತದೆ, ಡ್ರ್ಯಾಗನ್ ಡ್ಯಾಶ್ ಗುರಿ ಹಿಡಿದೇ ಧಾವಿಸುತ್ತದೆ, ಬೆನ್ನಹಿಂದೆ ಮಾಯವಾಗಿ ಬಂದು ಹೊಡೆಯುವ ದಾಳಿ ಎಷ್ಟು ದೂರವನ್ನಾದರೂ ಕಣ್ಣೆವೆ ಮುಚ್ಚುವುದರೊಳಗೆ ಅಳಿಸಿಹಾಕುತ್ತದೆ. ಅನಿಮೆಯ ಆಕಾಶಯುದ್ಧವನ್ನು ಹೀಗೆ ಅನುಭವಕ್ಕೆ ತಂದಿರುವುದು ನಿಜಕ್ಕೂ ದೊಡ್ಡ ಸಾಧನೆ. ಆದರೆ ಗುರಿ ತಪ್ಪುವ ಭಯವೇ ಇಲ್ಲದ ಮೇಲೆ ಅಂತರಕ್ಕೆ ಬೆಲೆ ಇಳಿಯುತ್ತದೆ. ಏಟು ಹೇಗೂ ಮುಟ್ಟುತ್ತದೆ ಎಂದಾದಾಗ, ಏಟು ತಿನ್ನುವವನನ್ನು ಕಾಪಾಡುವ ಹೊಣೆಯೆಲ್ಲ ಗುಂಡಿ ಒತ್ತುವ ಸಮಯದ ಮೇಲೂ ಗೇಜ್‌ಗಳ ಮೇಲೂ ಬೀಳುತ್ತದೆ.

ಆ ಹೊಣೆ ಹೊರಲು ಆಟ ಕೊಟ್ಟಿರುವ ಸಾಧನಗಳು ಬೇಕಾದಷ್ಟಿವೆ. ಎದುರಾಳಿಯ ಏಟನ್ನು ತಡೆಯಲು, ಗುಂಡಿ ಹಿಡಿದಷ್ಟು ಹೊತ್ತೂ ಕಿ ಎಂಬ ಹೋರಾಟದ ಶಕ್ತಿಯನ್ನು ತಿನ್ನುವ ಪರ್ಸೆಪ್ಷನ್ ಇದೆ, ವಿಶೇಷ ಕೌಶಲಗಳಿಗೆ ಖರ್ಚಾಗುವ ಸ್ಕಿಲ್ ಕೌಂಟ್ ಎಂಬ ಎಣಿಕೆಯನ್ನು ತೆತ್ತು ಬಳಸುವ ಸೂಪರ್ ಪರ್ಸೆಪ್ಷನ್ ಇದೆ, ಏಟು ತಿನ್ನುತ್ತಿರುವಾಗಲೇ ಸ್ಕಿಲ್ ಕೌಂಟ್ ಖರ್ಚು ಮಾಡಿ ತಿರುಗಿ ಬೀಳುವ ರಿವೆಂಜ್ ಕೌಂಟರ್ ಇದೆ. ಏಟು ಬೀಳುವ ಕ್ಷಣಕ್ಕೆ ಸರಿಯಾಗಿ ಗಾರ್ಡ್ ಎಂಬ ರಕ್ಷಣೆಯ ಗುಂಡಿ ಒತ್ತಿ ಎದುರಾಳಿಯ ಬೆನ್ನಹಿಂದೆ ಸರಿಯಬಹುದು, ಅವನೂ ಹಾಗೆಯೇ ಸರಿಯಬಹುದು. ಇಬ್ಬರೂ ಒಬ್ಬರ ಹಿಂದೆ ಒಬ್ಬರು ಮಾಯವಾಗುತ್ತ ಹೋಗುವ ಆ ಹೊತ್ತು ಈ ಆಟದ ಅತ್ಯಂತ ಸುಂದರವಾದ ಹೊತ್ತು. ಇವೆಲ್ಲದರ ಜೊತೆಗೆ ಸೂಪರ್ ಕೌಂಟರ್ ಇದೆ. ಏಟು ಮೈಗೆ ತಾಗುವ ಕ್ಷಣದಲ್ಲಿ ಮೇಲ್ದಿಕ್ಕನ್ನೂ ದಾಳಿಯ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಎದುರಾಳಿಯ ಸರಣಿ ಅಲ್ಲಿಗೇ ಮುರಿದು ಅವನೇ ಹಿಂದಕ್ಕೆ ಸಿಡಿಯುತ್ತಾನೆ. ಮೊದಲ ಸಾಧನಗಳಿಗೆ ಕಿ ಅಥವಾ ಸ್ಕಿಲ್ ಕೌಂಟ್ ಎಂಬ ಬೆಲೆಯುಂಟು. ಸೂಪರ್ ಕೌಂಟರ್‌ಗೆ ಇರುವ ಬೆಲೆ ಕ್ಷಣದ ಕಷ್ಟವೊಂದೇ, ಗೇಜ್‌ನಿಂದ ಏನೂ ಹೋಗುವುದಿಲ್ಲ.

ಕಷ್ಟವೇ ಬೆಲೆಯಲ್ಲವೇ ಎಂದು ನೀವು ಕೇಳಬಹುದು. ಒಂದೇ ಏಟಾಗಿದ್ದರೆ ಹೌದು. ಆದರೆ ಅನಿಮೆ ಆಟಗಳಲ್ಲಿ ದಾಳಿ ಎಂದರೆ ಉದ್ದನೆಯ ಸರಣಿ, ಸರಣಿಯ ಪ್ರತಿ ಏಟೂ ರಕ್ಷಕನಿಗೆ ಸಿಗುವ ಹೊಸ ಅವಕಾಶ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳಿ: ಒಬ್ಬ ಸಾಧಾರಣ ಆಟಗಾರ ಹತ್ತು ಸಲ ಯತ್ನಿಸಿದರೆ ಒಂದು ಸಲವಷ್ಟೇ ಸರಿಯಾದ ಕ್ಷಣವನ್ನು ಹಿಡಿಯುತ್ತಾನೆ, ದಾಳಿಯ ಸರಣಿಯಲ್ಲಿ ಆರು ಏಟುಗಳಿವೆ. ಆರರಲ್ಲೂ ವಿಫಲನಾಗುವ ಸಂಭವ ಶೇ. 53, ಅಂದರೆ ಎಲ್ಲಾದರೊಂದು ಕಡೆ ಯಶಸ್ವಿಯಾಗುವ ಸಂಭವ ಶೇ. 47. ಏಟಿಗೆ ಶೇ. 10 ಇದ್ದ ಅಪರೂಪದ ಕೌಶಲ ಸರಣಿಗೆ ಬಂದಾಗ ಹೆಚ್ಚುಕಡಿಮೆ ನಾಣ್ಯ ಚಿಮ್ಮಿದಂತೆ ಆಗಿಬಿಡುತ್ತದೆ. ವಿಫಲವಾದ ಯತ್ನಕ್ಕೆ ಆಟದ ನಿಯಮ ದಂಡ ಹಾಕದಿದ್ದರೆ ಯತ್ನಿಸದೆ ಸುಮ್ಮನೆ ಇರುವುದಕ್ಕೆ ಯಾವ ಕಾರಣವೂ ಇಲ್ಲ, ಏಕೆಂದರೆ ಸೋತರೆ ತಿನ್ನುವುದು ಹೇಗೂ ತಿನ್ನಬೇಕಾಗಿದ್ದ ಏಟನ್ನೇ. ನಿಮಗೆ ಎದುರಾದವರೆಲ್ಲ ಅಸಾಮಾನ್ಯ ನಿಪುಣರಾಗಿರಬೇಕಿಲ್ಲ. ಅವರು ಲಯದಲ್ಲಿ ಒತ್ತುತ್ತ ಹೋಗುತ್ತಿದ್ದಾರೆ, ಸರಣಿಯನ್ನು ಉದ್ದವಾಗಿ ಮುಂದುವರಿಸಿ ಅವರಿಗೆ ಅವಕಾಶ ಒದಗಿಸುತ್ತಿರುವವರು ನೀವು.

ದಂಡವಿದ್ದರೆ ಏನಾಗುತ್ತದೆ ಎಂಬುದನ್ನೂ ನೋಡೋಣ. ಪೂರ್ತಿ ಸರಣಿ ಬಿದ್ದರೆ ರಕ್ಷಕನಿಗೆ ಆಗುವ ಆರೋಗ್ಯದ ನಷ್ಟ 6,000, ಕೌಂಟರ್ ಫಲಿಸಿದರೆ ಅವನಿಗೆ 4,000 ಲಾಭ, ಫಲಿಸದಿದ್ದರೆ ಗಾರ್ಡ್ ಸಡಿಲಿ ಒಟ್ಟು ನಷ್ಟ 8,000 ಎಂದಿಟ್ಟುಕೊಳ್ಳೋಣ. ಆಗ ಆರರಲ್ಲಿ ಒಂದಕ್ಕಿಂತ ಹೆಚ್ಚಿನ ಯಶಸ್ಸು ಇರುವವನಿಗೆ ಮಾತ್ರ ಯತ್ನ ಲಾಭದಾಯಕ. ಗಮನಿಸಿ, ದಂಡ ದೊಡ್ಡದೇನಲ್ಲ. ಆದರೂ ಕಣ್ಣು ಮುಚ್ಚಿ ಒತ್ತುವವನನ್ನೂ ಎದುರಾಳಿಯ ಲಯವನ್ನು ಓದಿ ಒತ್ತುವವನನ್ನೂ ಬೇರ್ಪಡಿಸಲು ಅಷ್ಟು ಸಾಕು. ಸಮತೋಲದ ಕೆಲಸದಲ್ಲಿ ನನಗೆ ಅತ್ಯಂತ ಮಹತ್ವದ್ದೆನ್ನಿಸುವುದು ಈ ಬೇರ್ಪಡಿಸುವಿಕೆಯೇ. ಕೌಂಟರ್ ಇರಲೇಬೇಕು, ಅದಿಲ್ಲದಿದ್ದರೆ ಮೊದಲ ಏಟು ಹಾಕಿದವನೇ ಪಂದ್ಯ ಗೆಲ್ಲುವ ಬೇಸರದ ಆಟವಾಗುತ್ತದೆ. ಅದನ್ನು ಬಳಸುವವನು ಏನನ್ನಾದರೂ ಪಣಕ್ಕಿಡಬೇಕು, ಅಷ್ಟೆ.

ಇದಕ್ಕೆ ಇನ್ನೊಂದು ಅನಿಮೆ ಆಟದಲ್ಲಿ ಸ್ಪಷ್ಟ ನಿದರ್ಶನವಿದೆ. ಸೈಬರ್‌ಕನೆಕ್ಟ್2 ಸಂಸ್ಥೆಯ ‘ನರುಟೊ ಅಲ್ಟಿಮೇಟ್ ನಿಂಜಾ ಸ್ಟಾರ್ಮ್’ ಸರಣಿಯಲ್ಲಿ ಏಟು ಬಿದ್ದ ಕ್ಷಣದಲ್ಲಿ ಮರದ ತುಂಡನ್ನು ತನ್ನ ಜಾಗದಲ್ಲಿ ಬಿಟ್ಟು ಮಾಯವಾಗುವ ಸಬ್‌ಸ್ಟಿಟ್ಯೂಷನ್ ಇದೆ. ಮೊದಲ ಆಟಗಳಲ್ಲಿ ಅದಕ್ಕೆ ಪ್ರತ್ಯೇಕ ಗೇಜ್ ಇರಲಿಲ್ಲ, ಕ್ಷಣವನ್ನು ಹಿಡಿಯಬಲ್ಲವನು ಮತ್ತೆ ಮತ್ತೆ ತಪ್ಪಿಸಿಕೊಳ್ಳಬಹುದಿತ್ತು. 2012ರಲ್ಲಿ ಬಂದ ‘ಜನರೇಷನ್ಸ್’ ಅದನ್ನು ನಾಲ್ಕು ಭಾಗಗಳ ಗೇಜ್‌ಗೆ ಕಟ್ಟಿಹಾಕಿತು. ಗೇಜ್ ಬರಿದಾದರೆ ಅದು ತುಂಬುವವರೆಗೆ ಏಟು ತಿನ್ನಲೇಬೇಕು. ಈ ಒಂದೇ ಬದಲಾವಣೆಯಿಂದ ಆಟದ ಯೋಚನೆಯೇ ಬೇರೆಯಾಯಿತು. ಎದುರಾಳಿಯ ಬಳಿ ಎಷ್ಟು ಉಳಿದಿದೆ ಎಂದು ಎಣಿಸುವುದು, ಸಣ್ಣ ಏಟಿನ ಆಸೆ ತೋರಿಸಿ ಅದನ್ನು ಖರ್ಚು ಮಾಡಿಸುವುದು, ಬರಿದಾದ ಮೇಲೆ ದೊಡ್ಡ ದಾಳಿ ಮಾಡುವುದು ಎಂಬ ಹೊಸ ಜಾಣ್ಮೆ ಹುಟ್ಟಿಕೊಂಡಿತು. ಅದರ ಅಡ್ಡಪರಿಣಾಮವನ್ನೂ ಹೇಳಬೇಕು: ಗೇಜ್ ಕಾಲದೊಂದಿಗೆ ತಾನಾಗಿ ತುಂಬುತ್ತಿದ್ದುದರಿಂದ ಬರಿದಾದವರು ತುಂಬುವ ತನಕ ಓಡತೊಡಗಿದರು.

ನಿಮ್ಮ ಎರಡನೆಯ ದೂರು ಹುಟ್ಟುವುದು ಇಲ್ಲಿಂದಲೇ. ಸ್ಪಾರ್ಕಿಂಗ್! ಝೀರೋದಲ್ಲಿ ಸ್ಕಿಲ್ ಕೌಂಟ್ ಕಾಲ ಕಳೆದಂತೆ ತಾನಾಗಿ ಏರುತ್ತದೆ. ಕಿ ಶಕ್ತಿಯನ್ನು ನಿಂತು ತುಂಬಿಸಿಕೊಳ್ಳಬಹುದು. ತುಂಬಿದ ಮೇಲೂ ತುಂಬಿಸುತ್ತ ಹೋದರೆ ಸ್ಪಾರ್ಕಿಂಗ್ ಸ್ಥಿತಿ ಬರುತ್ತದೆ, ಆ ಸ್ಥಿತಿಯಲ್ಲೇ ಪಾತ್ರದ ಅತಿ ದೊಡ್ಡ ದಾಳಿ ದಕ್ಕುತ್ತದೆ. ಹೋರಾಡದೆ ಕಳೆದ ಹೊತ್ತಿಗೆ ಎರಡು ಬಗೆಯ ಲಾಭ ಸಿಗುತ್ತದೆ ಎಂದಾದರೆ ಓಡುವವನನ್ನು ಹೇಡಿ ಎಂದು ಬೈಯುವುದು ನ್ಯಾಯವಲ್ಲ, ಅವನು ನಿಯಮ ತೋರಿಸಿದ ದಾರಿಯಲ್ಲೇ ನಡೆಯುತ್ತಿದ್ದಾನೆ. ಕಬಡ್ಡಿಯಲ್ಲೂ ಇದೇ ತೊಂದರೆ ಇತ್ತೆಂಬುದನ್ನು ನೆನೆಯಿರಿ: ಮುನ್ನಡೆ ಪಡೆದ ತಂಡದ ದಾಳಿಗಾರ ಗೆರೆ ಮುಟ್ಟಿ ಅಂಕವಿಲ್ಲದೆ ಮರಳುತ್ತ ಹೊತ್ತು ಕಳೆಯಬಹುದಿತ್ತು. ಎರಡು ಖಾಲಿ ದಾಳಿಗಳ ಬಳಿಕ ಮೂರನೆಯದರಲ್ಲಿ ಅಂಕ ತರಲೇಬೇಕು, ತರದಿದ್ದರೆ ಔಟ್ ಎಂಬ ‘ಡೂ ಆರ್ ಡೈ’ ನಿಯಮ ಅದಕ್ಕೆ ಮದ್ದಾಯಿತು. ಈ ಆಟಕ್ಕೂ ಅಂಥದೊಂದು ನಿಯಮ ಬೇಕು. ಬಹಳ ಹೊತ್ತು ಏಟು ಹಾಕದೆಯೂ ತಿನ್ನದೆಯೂ ಕಳೆದವನಿಗೆ ಸ್ಕಿಲ್ ಕೌಂಟ್ ಏರುವ ವೇಗ ತಗ್ಗಬೇಕು, ಹತ್ತಿರ ಹೋಗಿ ಹೋರಾಡಿದವನಿಗೆ ಅದು ಬೇಗ ಏರಬೇಕು. ಶಕ್ತಿ ತುಂಬಿಸಿಕೊಳ್ಳುವುದನ್ನೇ ನಿಷೇಧಿಸಿದರೆ ಡ್ರ್ಯಾಗನ್ ಬಾಲ್‌ನ ಆತ್ಮವನ್ನೇ ತೆಗೆದಂತಾಗುತ್ತದೆ, ಅದನ್ನು ನಾನು ಬೆಂಬಲಿಸುವುದಿಲ್ಲ.

ಮನೆಯಲ್ಲಿ ಇದೇ ಆಟ ಏಕೆ ಹಗುರವೆನ್ನಿಸುತ್ತದೆ ಎಂಬುದಕ್ಕೆ ಎರಡು ಕಾರಣಗಳಿವೆ. ಬಿಡುಗಡೆಯ ಹೊತ್ತಿಗೆ ಒಂದೇ ಪರದೆಯಲ್ಲಿ ಇಬ್ಬರು ಆಡಲು ಹೈಪರ್‌ಬೋಲಿಕ್ ಟೈಮ್ ಚೇಂಬರ್ ಎಂಬ ಒಂದೇ ರಂಗ ಲಭ್ಯವಿತ್ತು. ಅದು ಬೆಟ್ಟವಾಗಲಿ ಕಟ್ಟಡವಾಗಲಿ ಇಲ್ಲದ ಬಿಳಿ ಬಯಲು, ಮರೆಯಾಗಲು ಜಾಗವೇ ಇಲ್ಲ. ಎರಡನೆಯದು ವಿಳಂಬ. ಸೆಕೆಂಡಿಗೆ 60 ಫ್ರೇಮ್ (ಚಿತ್ರ) ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. ಬೆಂಗಳೂರಿನಿಂದ ಟೋಕಿಯೊಗೆ ನೇರ ದೂರ ಸುಮಾರು 6,700 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುವುದರಿಂದ, ಕೇಬಲ್ ನೇರವಾಗಿಯೇ ಇದ್ದರೂ ಸಂಕೇತ ಹೋಗಿ ಬರಲು 67 ಮಿಲಿಸೆಕೆಂಡ್, ಅಂದರೆ ನಾಲ್ಕು ಫ್ರೇಮ್ ಬೇಕು. ವಾಸ್ತವದಲ್ಲಿ ಕೇಬಲ್ ಸುತ್ತಿ ಬಳಸಿ ಹೋಗುತ್ತದೆ, ಮನೆಯ ವೈಫೈ ತನ್ನ ಪಾಲನ್ನೂ ಸೇರಿಸುತ್ತದೆ. ಕ್ಷಣ ಹಿಡಿದು ಮಾಡುವ ರಕ್ಷಣೆಯ ಕಷ್ಟವನ್ನು ಸಂಪರ್ಕವೇ ಹೀಗೆ ಬದಲಾಯಿಸಿಬಿಡುತ್ತದೆ: ಕಣ್ಣಿನಿಂದ ನೋಡಿ ಒತ್ತುವವನು ಸೋಲುತ್ತಾನೆ, ಲಯ ಊಹಿಸಿ ಮುಂಚಿತವಾಗಿ ಒತ್ತುವವನು ಉಳಿಯುತ್ತಾನೆ. ವಿಳಂಬವನ್ನು ಮರೆಸಲು ಎದುರಾಳಿಯ ನಡೆಯನ್ನು ಊಹಿಸಿ, ಊಹೆ ತಪ್ಪಾದಾಗ ಹಿಂದಕ್ಕೆ ಹೋಗಿ ಸರಿಪಡಿಸುವ ರೋಲ್‌ಬ್ಯಾಕ್ ವಿಧಾನ ಫೈಟರ್‌ಝೀಗೆ ಬಂದದ್ದು 2024ರಲ್ಲಿ, ಆಟ ಹೊರಬಂದು ಆರು ವರ್ಷಗಳ ಮೇಲೆ. ಅದು ಬಹುದೊಡ್ಡ ಉಪಕಾರ. ಆದರೆ ರೋಲ್‌ಬ್ಯಾಕ್‌ನಲ್ಲೂ ಎದುರಾಳಿಯ ದಾಳಿಯ ಮೊದಲ ಕೆಲವು ಫ್ರೇಮ್‌ಗಳು ಕಾಣದೆ ಹೋಗಬಹುದು, ಆದ್ದರಿಂದ ರಕ್ಷಣೆಯನ್ನು ಬರಿಯ ಕ್ಷಣದ ಮೇಲೆ ನಿಲ್ಲಿಸಿದ ಆಟಕ್ಕೆ ಅದೂ ಪೂರ್ಣ ಪರಿಹಾರವಲ್ಲ.

ಈಗ ಅಗ್ಗದ ತಂಡಗಳ ವಿಷಯ. ಅಂಕ ತೆತ್ತು ತಂಡ ಕಟ್ಟುವ ಡಿಪಿ ಪಂದ್ಯದಲ್ಲಿ ಪ್ರತಿ ಪಾತ್ರಕ್ಕೂ ಒಂದು ಅಂಕಬೆಲೆ ಇದೆ, ಒಟ್ಟು 15 ಅಂಕದೊಳಗೆ ಐವರವರೆಗೆ ತಂಡ ಕಟ್ಟಬಹುದು. ಪಾತ್ರಗಳ ಬಲದಲ್ಲಿ ವ್ಯತ್ಯಾಸ ಉಳಿಸಿಕೊಂಡೇ ನ್ಯಾಯ ಒದಗಿಸುವ ಈ ಉಪಾಯ ನನಗೆ ಬಹಳ ಹಿಡಿಸಿದೆ. 10 ಅಂಕದ ಒಬ್ಬನ ಜೊತೆ 5 ಅಂಕದ ಇನ್ನೊಬ್ಬನನ್ನು ಇಡಬಹುದು, ಅಥವಾ 3 ಅಂಕದ ಐವರನ್ನು ಇಡಬಹುದು. ಐವರೆಂದರೆ ಐದು ಆರೋಗ್ಯ ಗೇಜ್‌ಗಳು. 10 ಅಂಕದವನು ತನ್ನ ಒಂದೇ ಗೇಜ್‌ನಲ್ಲಿ 3 ಅಂಕದ ಮೂವರನ್ನು ಒಬ್ಬರಾದ ಮೇಲೊಬ್ಬರಂತೆ ಸೋಲಿಸಿದ ಮೇಲಷ್ಟೇ ಅವನ ಬೆಲೆ ತೀರಿದಂತೆ. ಕೌಂಟರ್‌ಗಳು ಎಲ್ಲರಿಗೂ ಸಮಾನವಾಗಿ ದೊರೆಯುವ ಆಟದಲ್ಲಿ ಅದು ಕಷ್ಟ, ಏಕೆಂದರೆ ಅಗ್ಗದ ಪಾತ್ರ ಕೊಂಡವನಿಗೂ ರಕ್ಷಣೆ ಪೂರ್ತಿಯಾಗಿಯೇ ಸಿಕ್ಕಿರುತ್ತದೆ. ಜೊತೆಗೆ, ಈ ಅಂಕಬೆಲೆ ಬಹುಮಟ್ಟಿಗೆ ಕಥೆಯಲ್ಲಿ ಆ ಪಾತ್ರಕ್ಕಿರುವ ಸ್ಥಾನವನ್ನು ಅನುಸರಿಸಿದೆ, ಅದರ ಕೈಯಲ್ಲಿರುವ ಸ್ಕಿಲ್‌ಗಳಿಗೆ ತಕ್ಕ ತೂಕ ಕೊಟ್ಟಿಲ್ಲ. ಸೆಂಜು ಬೀಜ ತಿಂದು ಚೇತರಿಸಿಕೊಳ್ಳುವ ಯಾಜಿರೋಬೆ ಕಥೆಯಲ್ಲಿ ಸಣ್ಣವನು, ಆದ್ದರಿಂದ ಅಗ್ಗ. ಆದರೆ ಕಾಲಮಿತಿಯ ಪಂದ್ಯದಲ್ಲಿ ಕಳೆದುಕೊಂಡ ಆರೋಗ್ಯವನ್ನು ಮರಳಿ ಪಡೆಯುವ ಶಕ್ತಿ ಸಣ್ಣದಲ್ಲ. ಆಟ ಬಿಡುಗಡೆಯಾದ ಹೊಸತರಲ್ಲಿ ಆನ್‌ಲೈನ್‌ನಲ್ಲಿ ಅವನ ಹೆಸರು ಅಷ್ಟು ಕೇಳಿಬಂದದ್ದು ಇದಕ್ಕೇ. ಮೂಲ ರೂಪದ ಬೆಲೆ ತೆತ್ತು ಪಂದ್ಯದ ನಡುವೆ ಮೇಲಿನ ರೂಪಕ್ಕೆ ಏರುವ ಪಾತ್ರಗಳೂ ಹೀಗೆಯೇ ತಮ್ಮ ಅಂಕಕ್ಕಿಂತ ಹೆಚ್ಚು ಬೆಲೆಬಾಳುತ್ತವೆ.

ತಯಾರಕರು ನನ್ನ ಸಲಹೆ ಕೇಳಿದರೆ ಮೊದಲು ವಿಫಲ ಕೌಂಟರ್‌ಗೆ ದಂಡ ಇಡಿ ಎನ್ನುತ್ತೇನೆ, ಆಮೇಲೆ ಖಾಲಿ ಹೊತ್ತಿನ ಲಾಭವನ್ನು ತಗ್ಗಿಸಿ ಎನ್ನುತ್ತೇನೆ. ಅವೆರಡು ನೆಲೆಗೊಂಡ ಬಳಿಕ, ನಿಜವಾದ ಪಂದ್ಯಗಳ ಫಲಿತಾಂಶ ನೋಡಿಕೊಂಡು ಅಂಕಬೆಲೆಗಳನ್ನು ಕಾಲಕಾಲಕ್ಕೆ ತಿದ್ದಬೇಕು. ಪಾತ್ರದ ಏಟಿನ ಬಲವನ್ನು ಕಡಿಮೆ ಮಾಡುವುದು ಕೊನೆಯ ಉಪಾಯವಾಗಿರಬೇಕು, ಏಕೆಂದರೆ ಅಂಕಬೆಲೆ ಏರಿಸಿದರೆ ಅಭಿಮಾನಿಯ ನೆಚ್ಚಿನ ಪಾತ್ರ ದುಬಾರಿಯಾಗುತ್ತದೆ ಅಷ್ಟೆ, ಬಲ ಇಳಿಸಿದರೆ ಅದು ಆ ಪಾತ್ರವಾಗಿಯೇ ಉಳಿಯುವುದಿಲ್ಲ. ಒಂದು ಪ್ಯಾಚ್‌ನಲ್ಲಿ ಈ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದೇ ಇಲ್ಲ.

ನಿಮ್ಮ ಕೈಯಲ್ಲಿರುವುದನ್ನೂ ಹೇಳುತ್ತೇನೆ, ಏಕೆಂದರೆ ತಪ್ಪಿನ ಒಂದು ಪಾಲು ಅಲ್ಲಿಯೂ ಇದೆ. ಸರಣಿಯನ್ನು ಕೊನೆಯವರೆಗೆ ಮುಂದುವರಿಸುವ ಅಭ್ಯಾಸ ಬಿಡಿ. ಎರಡು ಮೂರು ಏಟಿನ ಬಳಿಕ ಒಂದು ಕ್ಷಣ ತಡೆದು, ಎದುರಾಳಿ ಲಯಕ್ಕೆ ಒತ್ತುತ್ತಿದ್ದಾನೆಯೇ ಎಂದು ನೋಡಿ. ಅವನ ಕೈ ಖಾಲಿ ಗಾಳಿಯಲ್ಲಿ ಬೀಸಿದರೆ ಆಗ ಹೊಡೆಯಿರಿ. ಒಮ್ಮೆ ಎರಡರಲ್ಲಿ, ಇನ್ನೊಮ್ಮೆ ನಾಲ್ಕರಲ್ಲಿ ನಿಲ್ಲಿಸಿ, ಮತ್ತೊಮ್ಮೆ ಎಸೆತಕ್ಕೆ ತಿರುಗಿಸಿ. ನಿಮ್ಮ ಲಯ ಒಂದೇ ಆಗಿರದಿದ್ದರೆ ಮೇಲೆ ಹೇಳಿದ ಶೇ. 47ರ ಲೆಕ್ಕ ಅವನ ಪಾಲಿಗೆ ಬಹಳ ಕೆಳಗಿಳಿಯುತ್ತದೆ. ಸ್ಕಿಲ್ ಕೌಂಟ್ ಸಿಕ್ಕಿದ ತಕ್ಷಣ ಖರ್ಚು ಮಾಡದೆ, ರಿವೆಂಜ್ ಕೌಂಟರ್‌ಗೆ ಬೇಕಾದಷ್ಟನ್ನು ಸದಾ ಉಳಿಸಿಕೊಳ್ಳಿ. ಎದುರಾಳಿಯ ಎಣಿಕೆ ಪರದೆಯ ಮೇಲೆಯೇ ಕಾಣುತ್ತದೆ, ಅದು ಬರಿದಾದಾಗ ದೊಡ್ಡ ದಾಳಿಗೆ ಇಳಿಯಿರಿ. ದೂರದಲ್ಲಿ ನಿಂತು ಶಕ್ತಿ ತುಂಬಿಸಿಕೊಳ್ಳುವವನನ್ನು ನೇರ ಧಾವಿಸಿ ಹಿಡಿಯಲು ಹೋದರೆ ಅವನು ಕಾಯುತ್ತಿರುವುದು ಅದಕ್ಕೇ. ಸಣ್ಣ ಕಿ ಗುಂಡುಗಳಿಂದ ಅವನ ತುಂಬಿಸಿಕೊಳ್ಳುವಿಕೆಯನ್ನು ಮುರಿಯಿರಿ, ಅವನು ಸರಿದ ಕಡೆಗೆ ಆಮೇಲೆ ಹೋಗಿ. ತಂಡ ಕಟ್ಟುವಾಗ ಒಬ್ಬನೇ ದುಬಾರಿ ನಾಯಕನ ಬದಲು, ರೂಪಾಂತರ ಹೊಂದಬಲ್ಲ ಮಧ್ಯಮ ಬೆಲೆಯ ಇಬ್ಬರನ್ನೂ ಅಗ್ಗದ ಒಬ್ಬನನ್ನೂ ಇಟ್ಟು ನೋಡಿ. ವೈಫೈ ಬಿಟ್ಟು ಕೇಬಲ್ ಹಾಕಿಕೊಳ್ಳಿ, ಸಾಧ್ಯವಾದಾಗಲೆಲ್ಲ ಹತ್ತಿರದ ಊರಿನ ಗೆಳೆಯರೊಂದಿಗೆ ಕೊಠಡಿ ಮಾಡಿಕೊಂಡು ಆಡಿ. ಇವುಗಳನ್ನು ಒಂದೊಂದಾಗಿ ತಮ್ಮನೆದುರು ಅಭ್ಯಾಸ ಮಾಡಲು ಅಡ್ಡಿಯಿಲ್ಲ, ಮೊದಲು ಅವನಿಗೂ ಸೂಪರ್ ಕೌಂಟರ್ ಕಲಿಸಿಕೊಡಿ.